ಅಪ್ಪನ ಪಂಚೆ, ಅವ್ವನ ಬಾಡಿ

ನಮ್ಮಜ್ಜಿ ಯಾರನ್ನೂ ನಂಬುತ್ತಿರಲಿಲ್ಲ. ತುಪ್ಪದ ಗಡಿಗೆಯೊಳಕ್ಕೆ ಜೋಳದ ಕಡ್ಡಿ ಅದ್ದಿ, ತುಪ್ಪ ಹತ್ತಿದ ಕಡೆ ಉಗುರಿನಿಂದ ಗೀರಿ, ಆ ಕಡ್ಡಿಯನ್ನು ಸೂರಿಗೆ ಸಿಕ್ಕಿಸಿಡುತ್ತಿದ್ದಳು. ಮಾರನೆಯ ಬೆಳಿಗ್ಗೆ ಅದೇ ಕಡ್ಡಿಯನ್ನು ತೆಗೆದು ಮತ್ತೆ ಅದ್ದಿ ನೋಡುವಳು. ಬೆಲ್ಲದ ಅಚ್ಚುಗಳನ್ನು ಜೋಡಿಸಿಟ್ಟ ರೀತಿ ಅವಳೊಬ್ಬಳಿಗೇ ಗೊತ್ತಿತ್ತು; ಒಂದು ಅಚ್ಚು ಮಗ್ಗುಲು ಬದಲಾಯಿಸಿದ್ದರೂ ಅವಳ ಕಣ್ಣಿಗೆ ಬೀಳುತ್ತಿತ್ತು. ಘಾಟಿಯ ನಾಗಪ್ಪನ ಗುಡಿಗೆ ಹೋಗುವ ಗಾಡಿದಾರಿಯ ಪಕ್ಕದ ಹಳ್ಳಿ ನಮ್ಮದು. ಹಿತ್ತಲಿಗೆ ಹೋದರೆ ಮಾಕಳಿದುರ್ಗದ ಬೆಟ್ಟ ಎದುರಿಗೇ ನಿಂತಿರುತ್ತಿತ್ತು. ಮನೆಯ ಮುಂಭಾಗದಲ್ಲಿ ದನ ಕಟ್ಟುವ ಜಾಗ, ಅದನ್ನು ದಾಟಿದರೆ ಹಜಾರ, ಹಜಾರದ ಎಡಕ್ಕೆ ಅಡುಗೆಮನೆ, ಬಲಕ್ಕೆ ಕಿಟಕಿಯಿಲ್ಲದ ಒಂದು ಕತ್ತಲೆ ಕೋಣೆ. ಆ ಕೋಣೆಯಲ್ಲಿ ಆಳೆತ್ತರದ ಮಣ್ಣಿನ ವಾಡೆಗಳಲ್ಲಿ ರಾಗಿ ತುಂಬಿಡುತ್ತಿದ್ದರು. ಹಜಾರದ ಕಂಬಕ್ಕೆ ಒರಗಿ ಕೂತರೆ ಬೀದಿಬಾಗಿಲು, ಒಲೆ, ಕೋಣೆಯ ಬಾಗಿಲು ಎಲ್ಲವೂ ಕಾಣುತ್ತಿದ್ದವು. ಅಜ್ಜಿ ಕೂರುತ್ತಿದ್ದುದು ಅಲ್ಲೇ.

ಅಂಥ ಮನೆಯಲ್ಲಿ ಬೆಳೆದ ಮಗುವಿಗೆ ಕಿವಿ ಬೇಗ ಚುರುಕಾಗುತ್ತದೆ. ಯಾರಾದರೂ ದನಿ ತಗ್ಗಿಸಿ ಮಾತಾಡಿದರೆ ನಾನು ಆಟ ನಿಲ್ಲಿಸುತ್ತಿದ್ದೆ. ಅಪ್ಪ ಸಂತೆಯಿಂದ ಬಂದು ಟವಲ್ಲು ಕೊಡವಿದರೆ ಏನು ಬಿತ್ತು ಎಂದು ನೆಲ ನೋಡುತ್ತಿದ್ದೆ. ಈ ಚಾಳಿ ಇವತ್ತಿಗೂ ಹೋಗಿಲ್ಲ. ಅಂಗಡಿಯವನು ತಕ್ಕಡಿ ಎತ್ತಿದಾಗ ನಾನು ಅವನ ಮುಖ ನೋಡುವುದಿಲ್ಲ, ಬೆರಳು ನೋಡುತ್ತೇನೆ. ಆಗ ನನಗೆ ಒಂಬತ್ತೋ ಹತ್ತೋ ವರ್ಷ. ಎಲ್ಲೋ ದೊಡ್ಡ ಯುದ್ಧ ನಡೆಯುತ್ತಿದೆಯಂತೆ ಎಂದು ದೊಡ್ಡವರು ಮಾತಾಡಿಕೊಳ್ಳುತ್ತಿದ್ದ ಕಾಲ. ನಮ್ಮ ಪಾಲಿಗೆ ಆ ಯುದ್ಧವೆಂದರೆ ಸೀಮೆಎಣ್ಣೆ ಸಿಗದಿರುವುದು, ಮತ್ತು ಸರ್ಕಾರ ಅಳೆದು ಕೊಡುತ್ತಿದ್ದ, ಗೋಣಿಯಂತೆ ಒರಟಾದ ಕಂಟ್ರೋಲ್ ಬಟ್ಟೆ.

ಆ ವರ್ಷ ನನಗೊಬ್ಬ ತಮ್ಮ ಹುಟ್ಟಿದ. ಅವನ ಮುಖ ಯಾರನ್ನು ಹೋಲುತ್ತದೆ ಎಂದು ಹೇಳುವಷ್ಟು ದಿನವೂ ಅವನು ಉಳಿಯಲಿಲ್ಲ. ಅವ್ವ ಮೊದಲೇ ತುಂಬಿದ ಮೈಯವಳು. ಆ ಬಾಣಂತನವಾದ ಮೇಲೆ ಅವಳ ಎದೆ ಇನ್ನೂ ಭಾರವಾಗಿ ಹಾಗೇ ಉಳಿಯಿತು. ನಮ್ಮ ಕಡೆ ಹೆಂಗಸರು ಹಾಕುತ್ತಿದ್ದುದು ಮುಂದೆ ಗಂಟು ಬಿಗಿಯುವ ರವಿಕೆ, ಅದರೊಳಗೆ ಬೇರೇನೂ ಇಲ್ಲ. ಬೀಸುವ ಕಲ್ಲಿನ ಮುಂದೆ ಕೂತು ರಾಗಿ ಬೀಸುವಾಗ ಅವ್ವನಿಗೆ ಭುಜ ಜಗ್ಗುತ್ತಿತ್ತು, ಬೆನ್ನಿನ ನಡುವೆ ಹಿಡಿದುಕೊಳ್ಳುತ್ತಿತ್ತು. ಬೆವರು ನಿಂತು, ಚರ್ಮಕ್ಕೆ ಚರ್ಮ ಉಜ್ಜಿ ಎದೆಯ ಕೆಳಗೆ ಹುಣ್ಣಾಗಿತ್ತು. ಅರ್ಧ ಮೊರ ರಾಗಿ ಮುಗಿಯುವುದರೊಳಗೆ ಕಲ್ಲಿನ ಗೂಟ ಬಿಟ್ಟು, ಕೈಯನ್ನು ಬೆನ್ನಿಗೆ ಕೊಟ್ಟು, ಕಣ್ಣು ಮುಚ್ಚಿ ಕೂರುತ್ತಿದ್ದಳು. ಕಂಬದ ಕಡೆಯಿಂದ ಅಜ್ಜಿಯ ಮಾತು ಬರುತ್ತಿತ್ತು.

"ನಾವೂ ಹೆತ್ತಿದ್ದೀವಿ ಕಣಮ್ಮ. ಹಳೇ ಸೀರೆ ಹರಿದು ಬಿಗಿಯಾಗಿ ಕಟ್ಕೊಂಡು ಬೀಸು. ಅದ್ಯಾವ ಸೀಮೆಗಿಲ್ಲದ ನೋವೋ ನಿಂದು."

ಅವ್ವ ಕಟ್ಟಿಕೊಂಡು ನೋಡಿದಳು. ಉಸಿರು ಸಿಕ್ಕಿಹಾಕಿಕೊಂಡಂತಾಗಿ ಅವಳ ಮುಖ ಕೆಂಪೇರಿತು. ಹುಣ್ಣು ಇನ್ನಷ್ಟು ರೇಗಿತು. ಸಾಯಂಕಾಲ ಅವಳ ಬೆನ್ನಿಗೆ ಹರಳೆಣ್ಣೆ ತಿಕ್ಕುವುದು ನನ್ನ ಕೆಲಸವಾಯಿತು. ಕೊನೆಗೆ ಅವ್ವ ಹುಣ್ಣಿಗೆ ಮುಲಾಮು ಕೇಳಲು ದೊಡ್ಡಬಳ್ಳಾಪುರದ ಆಸ್ಪತ್ರೆಗೆ ಹೋದಾಗ, ಅಲ್ಲಿನ ನರ್ಸಮ್ಮ ಪೇಟೆಯ ಹೆಂಗಸರು ರವಿಕೆಯ ಒಳಗೆ ಹಾಕುವ 'ಬಾಡಿ' ಎಂಬ ಬಟ್ಟೆಯ ವಿಷಯ ಹೇಳಿದಳಂತೆ. ತನ್ನದೊಂದು ಹಳೆಯದನ್ನು ಮಾದರಿಗೆಂದು ಕೊಟ್ಟು, "ಇದು ನಿಮಗೆ ಸಾಲಲ್ಲ, ನೋಡ್ಕೊಂಡು ನಿಮ್ಮ ಮೈಗೆ ಸರಿಯಾಗಿ ಹೊಲಿಸ್ಕೊಳ್ಳಿ" ಎಂದಳಂತೆ. ಇದೆಲ್ಲ ನನಗೆ ತಿಳಿದದ್ದು ಎಲ್ಲ ರಂಪ ಮುಗಿದ ಮೇಲೆ. ಆಗ ನನ್ನ ಕಣ್ಣಿಗೆ ಬಿದ್ದದ್ದು ಬೇರೆ.

ಅವ್ವ ಒಂದು ಮಧ್ಯಾಹ್ನ ಕತ್ತಲೆ ಕೋಣೆಗೆ ಹೋಗಿ, ಖಾಲಿಯಾಗಿದ್ದ ಒಂದು ವಾಡೆಯೊಳಕ್ಕೆ ತೋಳು ಇಳಿಸಿ ಸಣ್ಣದೊಂದು ಗಂಟು ಇಟ್ಟಳು. ಹೊರಗೆ ಬಂದು ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ ಅಜ್ಜಿ ಕೂತಿದ್ದ ಕಡೆ ನೋಡಿದಳು. ಅಜ್ಜಿ ತೂಕಡಿಸುತ್ತಿದ್ದಳು. ಅವ್ವನ ತವರು ನಮ್ಮ ತಾಲ್ಲೂಕಿನದೇ ಹಳ್ಳಿ, ಮಧುರೆ. ಅವಳ ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ. ಹೊಲ ನೋಡಿಕೊಳ್ಳಲು ಬನ್ನಿ ಎಂದು ಆತ ಮಗಳು ಅಳಿಯನನ್ನು ಕರೆಯುತ್ತಲೇ ಇದ್ದ. ತಮ್ಮ ಸತ್ತ ಮೇಲೆ ಅವ್ವ ನಗುವುದನ್ನು ಬಿಟ್ಟಿದ್ದಳು. ಈ ಗಂಟು ಹಿಡಿದು ಅವಳು ಒಂದು ದಿನ ಮಧುರೆಗೆ ಹೊರಟುಬಿಡುತ್ತಾಳೆ, ನನ್ನನ್ನು ಇಲ್ಲೇ ಬಿಟ್ಟು ಹೋಗುತ್ತಾಳೆ ಎಂದು ನಾನು ಗಟ್ಟಿಯಾಗಿ ನಂಬಿದೆ. ಅಂದಿನಿಂದ ಅವಳು ಹಿತ್ತಲಿಗೆ ಹೋದರೂ ಹಿಂದೆಯೇ ಹೋಗುತ್ತಿದ್ದೆ.

ಸಂತೆಯ ದಿನ ತುಪ್ಪ ಮಾರಲು ದೊಡ್ಡಬಳ್ಳಾಪುರಕ್ಕೆ ಹೊರಟಾಗಲೂ ಸೆರಗು ಹಿಡಿದು ಹೋದೆ. ತುಪ್ಪ ಮಾರಿದ ಮೇಲೆ ಅವ್ವ ನೇರವಾಗಿ ಊರಿನ ದಾರಿ ಹಿಡಿಯಲಿಲ್ಲ. ಸಾಬರ ಬೀದಿಯಲ್ಲಿ ಒಂದು ಮನೆಯ ಮುಂದೆ ನಿಂತಳು. ಜಗಲಿಯ ಮೇಲೆ ಗಡ್ಡದ ಮುದುಕರೊಬ್ಬರು ಮಿಷನ್ನಿನಲ್ಲಿ ಅಂಗಿ ಹೊಲಿಯುತ್ತಿದ್ದರು. ಅವ್ವನನ್ನು ನೋಡಿದವರೇ ತಲೆ ತಗ್ಗಿಸಿ ಒಳಕ್ಕೆ ಕೂಗು ಹಾಕಿದರು. ಗೋಣಿತಾಟಿನ ಪರದೆ ಸರಿಸಿ ಅವರ ಹೆಂಡತಿ ಮುಖ ತೋರಿಸಿದಳು. ಆಕೆಯ ಹೆಸರು ಸಕೀನಾಬಿ. ನಮ್ಮವರೆಲ್ಲ ಬೂಬಮ್ಮ ಎನ್ನುತ್ತಿದ್ದರು. ಗಂಡಸು ದರ್ಜಿಯ ಮುಂದೆ ನಿಂತು ಅಳತೆ ಕೊಡಲಾಗದ ಹೆಂಗಸರಿಗೆ ಒಳಗೆ ಕೂತು ಕೈಯಲ್ಲೇ ಹೊಲಿದುಕೊಡುತ್ತಿದ್ದಳು. ನನ್ನ ಕೈಗೆ ಪುರಿ ಕಡಲೆ ಕೊಟ್ಟು ಜಗಲಿಯ ಮೇಲೆ ಕೂರಿಸಿ ಅವ್ವ ಪರದೆಯ ಹಿಂದೆ ಹೋದಳು. ಪುರಿ ಬಾಯಿಗೆ ಹೋಗಲಿಲ್ಲ. ನಾನು ಪರದೆಗೆ ಕಿವಿ ಕೊಟ್ಟೆ.

"ಉಸಿರು ಬಿಡವ್ವ. ಪೂರಾ ಬಿಡು. ಹಾಂ, ಈಗ ತಗೋ."

"ಅಯ್ಯೋ ಬೂಬಮ್ಮ, ಸತ್ತೇಹೋಗ್ತೀನಿ."

"ಸಾಯೋದು ಬೇಡ, ಬಿಚ್ತೀನಿ ತಾಳು."

ಆಮೇಲೆ ಇಬ್ಬರೂ ನಕ್ಕರು. ಅವ್ವ ನಗುತ್ತಿದ್ದಾಳೆ ಎಂಬುದೇ ನನಗೆ ಹೆಚ್ಚು ಭಯ ತಂದಿತು. ಮನೆಯಲ್ಲಿ ನಗದವಳು ಇಲ್ಲಿ ಬಂದು ಯಾಕೆ ನಗುತ್ತಾಳೆ?

ಬೂಬಮ್ಮನೂ ಹಿಂದೆಂದೂ ಇಂಥದ್ದನ್ನು ಹೊಲಿದವಳಲ್ಲ. ಅವ್ವ ವಾಡೆಯಲ್ಲಿ ಬಚ್ಚಿಟ್ಟಿದ್ದ ಗಂಟಿನಲ್ಲಿದ್ದ ನರ್ಸಮ್ಮನ ಮಾದರಿಯನ್ನು ತಿರುವಿ ಮುರುವಿ ನೋಡಿ ಅಂದಾಜಿನ ಮೇಲೆ ಕತ್ತರಿ ಹಾಕುತ್ತಿದ್ದಳು. ಮೊದಲು ಹೊಲಿದದ್ದು ಎದೆಯನ್ನು ಒತ್ತಿ ಚಪ್ಪಟೆ ಮಾಡಿತಂತೆ. ಬಿಚ್ಚಿ ಸಡಿಲ ಮಾಡಿದರೆ ಕೈ ಎತ್ತಿದಾಗಲೆಲ್ಲ ಮೇಲಕ್ಕೆ ಜಾರಿ ಕುತ್ತಿಗೆಯ ಹತ್ತಿರ ಬರುತ್ತಿತ್ತು. ಜಾರದಂತೆ ದಾರ ಕೊಟ್ಟರೆ ಆ ದಾರ ಭುಜದಲ್ಲಿ ಬರೆ ಎಳೆಯುತ್ತಿತ್ತು. ಕಂಟ್ರೋಲ್ ಬಟ್ಟೆ ಹುಣ್ಣಿನ ಮೇಲೆ ಹಾಕಿಕೊಳ್ಳುವಂಥದ್ದಲ್ಲ. ಅದಕ್ಕೆ ಅವ್ವ ಮನೆಯಲ್ಲಿ ಒಗೆದೊಗೆದು ಮೆತ್ತಗಾಗಿದ್ದ ಅಪ್ಪನ ಒಂದು ಹಳೆಯ ಪಂಚೆಯನ್ನು ಯಾರಿಗೂ ಹೇಳದೆ ಒಯ್ದುಕೊಟ್ಟಿದ್ದಳು. ಹೇಳಿದ್ದರೆ ಏನಾಗುತ್ತಿತ್ತು ಎಂದು ಈಗ ಯಾರಾದರೂ ಕೇಳಬಹುದು. ಎದೆಗೆ ಹಾಕುವ ಬಟ್ಟೆಗೆ ಪಂಚೆ ಬೇಕು ಎಂದು ಅತ್ತೆಯ ಮುಂದೆ, ಗಂಡನ ಮುಂದೆ ಬಾಯಿ ಬಿಟ್ಟು ಹೇಳುವ ಹೆಂಗಸು ಆ ಕಾಲದಲ್ಲಿ ನಮ್ಮ ಸುತ್ತಮುತ್ತ ಯಾರೂ ಇರಲಿಲ್ಲ.

ಮನೆಮನೆಗೆ ಎಣ್ಣೆ ಮಾರುತ್ತಿದ್ದ ಗಂಗಮ್ಮ ಅಜ್ಜಿಗೆ ಊರಿನ ಸುದ್ದಿಯನ್ನೂ ಅಳೆದು ಹಾಕಿ ಹೋಗುತ್ತಿದ್ದಳು. ಶ್ರಾವಣ ಹುಟ್ಟಿದ ಹೊಸತು. ಅಜ್ಜಿ ಕಂಬದ ಹತ್ತಿರ ಹುರುಳಿ ಆರಿಸುತ್ತಿದ್ದಳು, ನಾನು ಪಕ್ಕದಲ್ಲಿದ್ದೆ. ಅವ್ವ ಹೊಲಕ್ಕೆ ಕಳೆ ಕೀಳಲು ಹೋಗಿದ್ದಳು. ಗಂಗಮ್ಮ ಎಣ್ಣೆಯ ಡಬ್ಬ ಇಳಿಸಿ ದನಿ ತಗ್ಗಿಸಿದಳು.

"ಸಂತೆ ದಿನ ನಿಮ್ಮ ಸೊಸೆ ಬೂಬಮ್ಮನ ಮನೆ ಒಳಗೆ ಹೋದ್ಲು ಅಜ್ಜಮ್ಮ. ಎಷ್ಟು ಹೊತ್ತಾದ್ರೂ ಈಚೆಗೆ ಬರ್ಲಿಲ್ಲ. ನಾನು ಅಲ್ಲೇ ಎಣ್ಣೆ ಹಾಕ್ತಿದ್ದೆ. ಒಳಗಡೆ ಬಾಡು ಬಾಡು ಅಂತ ಮಾತಾಡ್ಕೋತಿದ್ರು."

"ಬಾಡಾ? ಶ್ರಾವಣದಾಗೆ ಬಾಡು ತಿಂದ್ಲಾ?"

"ತಿಂದ್ಲೋ ಬಿಟ್ಲೋ, ನಾನೇನು ಕಂಡೆ. ಕೇಳಿಸಿದ್ದು ಹೇಳ್ದೆ."

ಅಜ್ಜಿ ನನ್ನ ಕಡೆ ತಿರುಗಿದಳು. ನಾನು ಹುರುಳಿಯಲ್ಲಿ ಕಲ್ಲು ಹುಡುಕುವವಳಂತೆ ತಲೆ ಬಗ್ಗಿಸಿದೆ. ಅವ್ವ ಹೋಗುತ್ತಾಳೆಂಬ ನನ್ನ ಭಯವನ್ನು ಬಾಯಿಬಿಟ್ಟು ಹೇಳಿದರೆ ಅದು ನಿಜವಾಗಿಬಿಡುತ್ತದೆ ಎಂದು ನನಗೆ ಅನ್ನಿಸುತ್ತಿತ್ತು. ಆದರೆ ಅಜ್ಜಿಗೆ ನನ್ನ ಮಾತು ಬೇಕಾಗಿಯೂ ಇರಲಿಲ್ಲ. ಅಪ್ಪನ ಹಳೆಯ ಪಂಚೆ ಬಟ್ಟೆ ನೇತುಹಾಕುವ ಗಳುವಿನ ಮೇಲಿಲ್ಲ ಎಂಬುದನ್ನು ಅವಳು ಆಗಲೇ ಗಮನಿಸಿದ್ದಳು. ಅಪ್ಪ ಅದೇ ವಾರ ಹೊಟ್ಟೆನೋವಿನಿಂದ ಎರಡು ಹೊತ್ತು ಉಪವಾಸ ಮಲಗಿದ್ದ. ಬಾಡಿನ ಮಾತು ಅವಳಿಗೆ ಮರೆತೇಹೋಯಿತು. ಅದಕ್ಕಿಂತ ದೊಡ್ಡದು ಸಿಕ್ಕಿತ್ತು. ಆ ಸಾಯಂಕಾಲ ಅಪ್ಪ ಎತ್ತುಗಳಿಗೆ ಹುಲ್ಲು ಹಾಕುವಾಗ ಅವನ ಹಿಂದೆ ಹೋಗಿ ನಿಂತಳು.

"ಉಟ್ಟ ಬಟ್ಟೆ ಸಿಕ್ಕಿದ ಮೇಲೆ ಮಾಟಕ್ಕೆ ಇನ್ನೇನು ಬೇಕು ಮಗ. ಊಟದಾಗೆ ಮದ್ದೂ ಹಾಕ್ತವ್ಳೆ. ನಿನ್ನ ಮನಸ್ಸು ತಿರುಗಿಸಿ ಮಧುರೆಗೆ ಮನೆಅಳಿಯ ಮಾಡ್ಕೊಂಡು ಹೋಗೋ ಹುನ್ನಾರ ಇದು."

"ಸುಮ್ಕಿರವ್ವ. ಮುನಿತಾಯಿ ಅಂಥೋಳಲ್ಲ."

"ಹೊಟ್ಟೆನೋವು ಸುಮ್ಸುಮ್ನೆ ಬಂತಾ?"

ಅಪ್ಪ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡ. ಅಜ್ಜಿ ಮಾರನೆಯ ದಿನದಿಂದ ಹಿತ್ತಲಲ್ಲಿ ಕಲ್ಲು ಹೂಡಿ ತನ್ನ ಮುದ್ದೆ ತಾನೇ ತೊಳಸಿಕೊಂಡಳು. ಅವ್ವ ಕೇಳಿದರೆ "ನನಗೆ ಒಲೆ ಹೊಗೆ ಆಗಲ್ಲ" ಎಂದಳು. ಹಿತ್ತಲ ಹೊಗೆ ಅವಳ ಮುಖಕ್ಕೇ ಬಡಿಯುತ್ತಿತ್ತು.

ಅವ್ವನಿಗೆ ಅರ್ಥವಾದದ್ದು ಅಪ್ಪನ ಊಟದ ಹೊತ್ತಿಗೆ. ನಾನೂ ಅಪ್ಪನ ಪಕ್ಕದಲ್ಲೇ ಕೂತಿದ್ದೆ. ಅವ್ವ ಮುದ್ದೆ ಇಟ್ಟು ಸೊಪ್ಪಿನ ಸಾರು ಬಡಿಸಿದಳು. ಅಪ್ಪ ಒಂದು ಚೂರು ಮುರಿದು ಸಾರಿನಲ್ಲಿ ಅದ್ದಿದ. ಬಾಯಿಗೆ ಒಯ್ಯಲಿಲ್ಲ. ಹೊಸ್ತಿಲಾಚೆ ಮಲಗಿದ್ದ ನಮ್ಮ ನಾಯಿಯ ಮುಂದಕ್ಕೆ ಎಸೆದ. ನಾಯಿ ಅದನ್ನು ನುಂಗಿ ಬಾಲ ಅಲ್ಲಾಡಿಸಿತು. ಅಪ್ಪ ತಟ್ಟೆಯ ಮುಂದೆ ಕೈಕಟ್ಟಿ ಕೂತು ನಾಯಿಯನ್ನೇ ನೋಡುತ್ತಿದ್ದ. ಅವ್ವ ಸಾರಿನ ಸೌಟು ಹಿಡಿದು ನಿಂತಿದ್ದಳು.

"ಇನ್ನೊಂಚೂರು ಸಾರು ಹಾಕ್ಲಾ, ನಾಯಿಗೆ?" ಎಂದಳು ಅವ್ವ.

ಅಪ್ಪ ತಲೆ ತಗ್ಗಿಸಿ ಉಂಡ. ಅವ್ವ ಆ ದಿನ ಉಣ್ಣಲಿಲ್ಲ. ಮರುದಿನ ಅಜ್ಜಿ ಬಾಯಿಬಿಟ್ಟೇ ಹೇಳಿದಳು: ಘಾಟಿಗೆ ಬಂದು ನಾಗಪ್ಪನ ಮುಂದೆ ಪ್ರಮಾಣ ಮಾಡಬೇಕು, ಮದ್ದು ಹಾಕಿಲ್ಲ ಎನ್ನಬೇಕು. ಘಾಟಿಯ ನಾಗಪ್ಪನ ಮುಂದೆ ಸುಳ್ಳು ಹೇಳಿದರೆ ಮೈಯೆಲ್ಲ ತೊನ್ನಾಗುತ್ತದೆಂದು ನಮ್ಮ ಕಡೆ ಎಲ್ಲರೂ ನಂಬಿದ್ದರು. ಅವ್ವ ಒಪ್ಪಿಕೊಂಡಳು.

"ಬರ್ತೀನಿ ಅತ್ತೆ. ಏನ್ ಹೇಳ್ಬೇಕೋ ಅಲ್ಲೇ ಹೇಳ್ತೀನಿ. ಆದ್ರೆ ಹೇಳಿದ ಮೇಲೆ ಈ ಮನೆಗೆ ಬರಲ್ಲ. ಅಲ್ಲಿಂದ್ಲೇ ಮಧುರೆ ದಾರಿ ಹಿಡೀತೀನಿ."

ನಾನು ಹೆದರಿದ್ದೇ ಆಗಿತ್ತು. ಪ್ರಮಾಣದ ದಿನ ಬೆಳಿಗ್ಗೆ ಅಪ್ಪ ಗಾಡಿ ಹೂಡಿದ. ಸಾಕ್ಷಿಗೆಂದು ಊರಿನ ಪಟೇಲರು ಬಂದು ಹಜಾರದಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಅವ್ವ ತಲೆ ಬಾಚಿಕೊಳ್ಳುತ್ತಿದ್ದಳು. ಅಜ್ಜಿ ಸುಮ್ಮನೆ ಹೊರಡುವವಳಲ್ಲ. ಕತ್ತಲೆ ಕೋಣೆಗೆ ಹೊಕ್ಕು ಒಂದೊಂದೇ ವಾಡೆಗೆ ಕೋಲು ಇಳಿಸಿ ತಡಕತೊಡಗಿದಳು. ಕೊನೆಗೆ ಕೋಲಿನ ತುದಿಗೆ ಒಂದು ಬಟ್ಟೆ ಸಿಕ್ಕಿಸಿಕೊಂಡು, ಹಾವು ಹಿಡಿದು ತರುವವಳಂತೆ ಮೈಯಿಂದ ದೂರಕ್ಕೆ ಚಾಚಿ ತಂದು ಪಟೇಲರ ಮುಂದೆ ಹಾಕಿದಳು.

"ನೋಡಿ ಪಟೇಲಪ್ಪ. ನನ್ನ ಮಗನ ಪಂಚೆ ಇದು. ಎರಡು ಚೀಲ ಮಾಡ್ಸವ್ಳೆ. ಒಂದರಾಗೆ ಅವನ ಪ್ರಾಣ, ಇನ್ನೊಂದರಾಗೆ ನಂದು."

ಬಟ್ಟೆ ನೆಲದ ಮೇಲೆ ಬಿದ್ದಿತ್ತು. ಅಪ್ಪನಿಗೂ ಅದು ಏನೆಂದು ತಿಳಿಯಲಿಲ್ಲ. ಹೂಡಿದ ಗಾಡಿ ಬಿಟ್ಟು ಒಳಗೆ ಬಂದವನು ಬಗ್ಗಿ ನೋಡಿ ಹಿಂದೆ ಸರಿದ. ಪಟೇಲರು ನೋಡಿದರು. ಎಲೆ ಮಡಿಸುತ್ತಿದ್ದ ಕೈ ನಿಂತಿತು. ಮುಖವನ್ನು ದನಗಳ ಕಡೆಗೆ ತಿರುಗಿಸಿಕೊಂಡರು.

"ಮೊದ್ಲು ಅದನ್ನ ಎತ್ತಿಡಿ ಅಜ್ಜಮ್ಮ. ಮಾಟ ಅಲ್ಲ ಅದು."

"ಮತ್ತೇನು?"

"ಹೆಂಗಸ್ರ ಒಳಬಟ್ಟೆ. ನನ್ನ ಕರೆಸೋ ಅಂಥದ್ದೇನಿಲ್ಲ ಇದ್ರಾಗೆ. ಬರ್ತೀನಿ."

ಎಲೆಯನ್ನು ಬಾಯಿಗೂ ಹಾಕದೆ ಎದ್ದು ಹೋದರು. ಅವ್ವ ಬಾಚಣಿಗೆ ಕೆಳಗಿಟ್ಟು ಬಂದು ಬಟ್ಟೆಯನ್ನು ಎತ್ತಿಕೊಂಡಳು, ಮಣ್ಣು ಕೊಡವಿದಳು, ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೊರಗೆ ಬಂದಾಗ ಮೈಮೇಲೆ ಎಂದಿನ ರವಿಕೆ, ಎಂದಿನ ಸೀರೆ. ಮೊರದ ತುಂಬ ರಾಗಿ ತಂದು ಬೀಸುವ ಕಲ್ಲಿನ ಮುಂದೆ ಕೂತಳು. ಗಾಡಿ ಹೊರಗೆ ನಿಂತಿದೆ, ಎತ್ತುಗಳು ತಲೆ ಆಡಿಸುತ್ತಿವೆ, ಅವಳು ಬೀಸುತ್ತಿದ್ದಾಳೆ. ಅಜ್ಜಿ ಕೋಲು ಹಿಡಿದು ಕಂಬದ ಹತ್ತಿರ ನಿಂತಿದ್ದಳು. ಮೊರ ಖಾಲಿಯಾಗುವವರೆಗೂ ಅವ್ವ ಗೂಟ ಬಿಡಲಿಲ್ಲ, ಬೆನ್ನಿಗೆ ಕೈ ಕೊಡಲಿಲ್ಲ. ಭುಜದಲ್ಲಿ ದಾರ ಕೊಯ್ಯುತ್ತಿದ್ದುದು ಅವಳ ತುಟಿಯ ಬಿಗಿಯಲ್ಲಿ ನನಗೆ ಕಾಣುತ್ತಿತ್ತು. ಹಿಟ್ಟನ್ನು ಒಟ್ಟು ಮಾಡಿ ಎದ್ದವಳು ಅಜ್ಜಿಯ ಮುಂದೆ ನಿಂತಳು.

"ಇದ್ರಾಗೆ ನಿಮ್ಮ ಮಗನ ಪ್ರಾಣ ಇಲ್ಲ ಅತ್ತೆ. ನನ್ನ ಬೆನ್ನು ಐತೆ, ಅಷ್ಟೇ. ಈಗ ನಡೀರಿ ಘಾಟಿಗೆ."

ಅಜ್ಜಿ ಕೋಲನ್ನು ಕಂಬಕ್ಕೆ ಒರಗಿಸಿಟ್ಟು ತನ್ನ ಜಾಗದಲ್ಲಿ ಕೂತಳು. ಅಪ್ಪ ಹೊರಗೆ ಹೋಗಿ ಎತ್ತುಗಳ ಕೊರಳಿನಿಂದ ನೊಗ ಇಳಿಸಿದ. ನಾನು ಅವ್ವನ ಸೀರೆಯ ನೆರಿಗೆ ಹಿಡಿದುಕೊಂಡು ಮಧ್ಯಾಹ್ನದವರೆಗೆ ಬಿಡಲಿಲ್ಲ. ಅವಳು ಬೇಕೆಂದಿದ್ದರೆ ಆ ದಿನವೂ ಮಧುರೆಗೆ ಹೋಗಬಹುದಿತ್ತು. ಯಾಕೆ ಹೋಗಲಿಲ್ಲ ಎಂದು ದೊಡ್ಡವಳಾದ ಮೇಲೆ ಒಮ್ಮೆ ಕೇಳಿದೆ. "ನೀನು ನೆರಿಗೆ ಬಿಡಬೇಕಲ್ಲ" ಎಂದಳು.

ಅಜ್ಜಿ ಅಷ್ಟಕ್ಕೇ ನಂಬಿದಳೆಂದು ಯಾರೂ ತಿಳಿಯಬಾರದು. ಮೊದಲು ಅವಳ ಅನುಮಾನ ಪಟೇಲರ ಕಡೆ ತಿರುಗಿತು. "ಅದು ಏನು ಅಂತ ಅವನಿಗೆ ಹೆಂಗೆ ಗೊತ್ತಾಯ್ತು? ಅವನ ಹೆಂಡ್ತೀನ ಬಾವಿ ತಾವ ನಾನು ನೋಡಿಲ್ವಾ, ಅವ್ಳು ಇಂಥದ್ದು ಹಾಕಲ್ಲ" ಎಂದು ಗಂಗಮ್ಮನ ಕಿವಿಯಲ್ಲಿ ಹೇಳಿದಳು. ಪಾಪ, ಪಟೇಲರು ಬೆಂಗಳೂರಿಗೆ ಹೋಗಿಬರುವ ದಿನಗಳ ಮೇಲೆ ಬಹುಕಾಲ ಈ ಇಬ್ಬರ ಕಣ್ಣಿತ್ತು. ಎರಡನೆಯದಾಗಿ, ಮುಂದಿನ ಸಂತೆಯ ದಿನ ಅಜ್ಜಿ ತಾನೂ ಹೊರಟಳು. ಬೂಬಮ್ಮನ ಮನೆಯೊಳಗೆ ಏನು ನಡೆಯುತ್ತದೆ ಎಂದು ಕಣ್ಣಾರೆ ನೋಡಬೇಕಂತೆ.

ಪರದೆಯ ಹಿಂದಕ್ಕೆ ನಾನು ಹೋದದ್ದು ಅದೇ ಮೊದಲು. ಒಂದು ಚಾಪೆ, ಒಂದು ಟ್ರಂಕು, ಗೋಡೆಯ ಗೂಡಿನಲ್ಲಿ ದಾರದ ಉಂಡೆಗಳು. ಅಜ್ಜಿ ಚಾಪೆಯ ಮೇಲೆ ಕೂರದೆ ಬಾಗಿಲ ಹತ್ತಿರ ಕುಕ್ಕರಗಾಲಲ್ಲಿ ಕೂತಳು. ಬೂಬಮ್ಮ ಬಾಳೆಹಣ್ಣು ಕೊಟ್ಟರೆ ಸಿಪ್ಪೆಯಲ್ಲಿ ಸೂಜಿಯ ಗುರುತಿದೆಯೇ ಎಂದು ತಿರುಗಿಸಿ ನೋಡಿ, ಸೆರಗಿನಲ್ಲಿ ಕಟ್ಟಿಕೊಂಡಳು. ಬೂಬಮ್ಮ ನಕ್ಕು ಅವ್ವನನ್ನು ನಿಲ್ಲಿಸಿ ದಾರ ಹಿಡಿದು ಅಳೆಯತೊಡಗಿದಳು. ಅಜ್ಜಿ ಬೂಬಮ್ಮನ ಬೆರಳುಗಳನ್ನೇ ನೋಡುತ್ತಿದ್ದಳು. ಭುಜದಲ್ಲಿ ಕೆಂಪಗೆ ಬಿದ್ದ ಬರೆಯನ್ನೂ ನೋಡಿದಳು. ಅದನ್ನು ಅವಳು ಅಲ್ಲಿಯವರೆಗೆ ಕಂಡಿರಲಿಲ್ಲ.

"ಇದ್ಯಾಕೆ ನಿಲ್ಲಿಸಿ ಅಳೀತೀಯಾ?"

"ಎಲ್ಲಾ ಹಂಗೇ ಅಳೆಯೋದು ಅಮ್ಮಾ."

"ಇವ್ಳು ನಿಂತ್ಕೊಂಡು ಬೀಸ್ತಾಳಾ? ಕೂರಿಸು. ಬಗ್ಗಿ ಕೈಯಾಡಿಸ್ಲಿ, ಆಮೇಲೆ ನೋಡು ಎಲ್ಲಿ ಹಿಡೀತೈತೆ ಅಂತ."

ಅವ್ವ ಚಾಪೆಯ ಮೇಲೆ ಕೂತು, ಇಲ್ಲದ ಗೂಟ ಹಿಡಿದು ಇಲ್ಲದ ರಾಗಿ ಬೀಸಿದಳು. ಬೂಬಮ್ಮ ಮತ್ತೆ ದಾರ ಹಿಡಿದಳು. ಬೆನ್ನಿನ ಕಡೆ ಬಟ್ಟೆ ಸಾಲದೇ ಇದ್ದುದು ಆಗ ಗೊತ್ತಾಯಿತು. ಎದೆಯ ಕೆಳಗೆ ನಾಲ್ಕು ಬೆರಳಗಲದ ಪಟ್ಟಿ ಬರಬೇಕು, ಆ ಪಟ್ಟಿಯೇ ಭಾರ ಹೊರಬೇಕು, ಭುಜದ ಮೇಲೆ ದಾರದ ಬದಲು ಪಂಚೆಯ ಅಂಚನ್ನು ಅಗಲವಾಗಿ ಮಡಿಸಿ ಹಾಕಬೇಕು ಎಂದು ಇಬ್ಬರೂ ಸೇರಿ ವಾದ ಮಾಡಿ ಮಾಡಿ ತೀರ್ಮಾನಿಸಿದರು. ಇಬ್ಬರಲ್ಲಿ ಒಬ್ಬಳು ನಮ್ಮಜ್ಜಿ. ಅವಳಿಗೆ ಬೂಬಮ್ಮನ ಕತ್ತರಿಯ ಮೇಲೆ ನಂಬಿಕೆ ಇರಲಿಲ್ಲ, ಅದಕ್ಕೇ ಬಾಗಿಲಿನಿಂದ ಸರಿದು ಸರಿದು ಚಾಪೆಯ ನಡುವಿಗೆ ಬಂದುಬಿಟ್ಟಿದ್ದಳು.

ಆ ಬಾಡಿ ಸರಿಹೋಯಿತು. ಎಷ್ಟು ಸರಿಹೋಯಿತೆಂದರೆ ಅದನ್ನು ಹಾಕಿಕೊಂಡಿದ್ದೇನೆಂಬುದೇ ಅವ್ವನಿಗೆ ಮರೆತುಹೋಗುತ್ತಿತ್ತು. ಹುಣ್ಣು ಮಾಯಿತು. ಬಾವಿಯಿಂದ ತಲೆಯ ಮೇಲೊಂದು, ಸೊಂಟದಲ್ಲೊಂದು ಬಿಂದಿಗೆ ಹೊತ್ತು ಬರುವಾಗ ಅವಳ ಕುತ್ತಿಗೆ ನೆಟ್ಟಗಿರುತ್ತಿತ್ತು. ಬೀಸುವಾಗ ಪದ ಹೇಳಲು ಶುರುಮಾಡಿದಳು. ಅವಳಿಗೆ ಅಷ್ಟೊಂದು ಪದ ಬರುತ್ತದೆಂದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಒಗೆದ ಬಾಡಿಯನ್ನು ಹಿತ್ತಲಲ್ಲಿ ಸೀರೆಯ ಅಡಿಯಲ್ಲಿ ಒಣಗಹಾಕಬೇಕೆಂದು ಅಜ್ಜಿಯ ಕಟ್ಟಪ್ಪಣೆಯಾಯಿತು. ಒಣಗಿದ ಮೇಲೆ ಅದರ ಹೊಲಿಗೆಯನ್ನು ಹಿಡಿದು, ಒಳಗೇನಾದರೂ ತಾಯತ ಸೇರಿಸಿದ್ದಾರೆಯೇ ಎಂದು ಉದ್ದಕ್ಕೂ ಹಿಸುಕಿ ನೋಡುವುದನ್ನು ಅವಳು ಸಾಯುವವರೆಗೆ ಬಿಡಲಿಲ್ಲ. ಆದರೆ ಹಿತ್ತಲ ಒಲೆ ಆರಿತು. ಅವ್ವನ ಕೈಯ ಮುದ್ದೆಗೆ ಅಜ್ಜಿ ಹಿಂದಿರುಗಿದಳು. ಸಾರಿಗೆ ಹುಳಿ ಹೆಚ್ಚಾಯಿತೆಂದು ಮೊದಲಿನಂತೆಯೇ ದೂರಿದಳು. ಅವ್ವ ಅವಳ ಮೇಲೆ ಯಾವ ಸಿಟ್ಟನ್ನೂ ಇಟ್ಟುಕೊಳ್ಳಲಿಲ್ಲ.

ಅಪ್ಪನ ವಿಷಯದಲ್ಲಿ ಹಾಗಾಗಲಿಲ್ಲ. ಗಂಡನಿಗಿಂತ ಮೊದಲು ಹೆಂಡತಿ ಉಣ್ಣಬಾರದು ಎಂಬುದು ನಮ್ಮಲ್ಲಿನ ಪದ್ಧತಿ. ಅವ್ವ ಅಂದಿನಿಂದ ಅಪ್ಪನಿಗೆ ಬಡಿಸಿದ ತಟ್ಟೆಯನ್ನು ಕೈಯಲ್ಲೇ ಹಿಡಿದು, ಮುದ್ದೆಯಿಂದ ಒಂದು ಚೂರು ಮುರಿದು, ಸಾರಿನಲ್ಲಿ ಅದ್ದಿ, ಅವನ ಎದುರಿಗೆ ನಿಂತು ನುಂಗುತ್ತಿದ್ದಳು. ಆಮೇಲೆ ತಟ್ಟೆಯನ್ನು ಅವನ ಮುಂದಿಡುತ್ತಿದ್ದಳು. ಮೊದಮೊದಲು ಅಪ್ಪ ನೆಲ ನೋಡುತ್ತಿದ್ದ. ಒಂದು ದಿನ "ಸಾಕು ಬಿಡು ಮುನಿತಾಯಿ" ಎಂದ. "ನೀವು ಉಣ್ಣಿ" ಎಂದಳು. ಇನ್ನೆಂದೂ ಅವನು ಆ ಮಾತೆತ್ತಲಿಲ್ಲ. ಅಜ್ಜಿ ಸತ್ತಳು, ನನ್ನ ಮದುವೆಯಾಯಿತು, ಎತ್ತುಗಳು ಬದಲಾದವು. ಉಳಿದ ಎಲ್ಲದರಲ್ಲೂ ಅವರು ಒಬ್ಬರಿಗೊಬ್ಬರು ಹೊಂದಿಕೊಂಡೇ ಬಾಳಿದರು. ಅಪ್ಪನಿಗೆ ಜ್ವರ ಬಂದರೆ ಅವ್ವ ಪಕ್ಕ ಬಿಟ್ಟು ಏಳುತ್ತಿರಲಿಲ್ಲ. ಆ ಒಂದು ತುತ್ತನ್ನು ಮಾತ್ರ ಅವಳು ಬಿಡಲಿಲ್ಲ. ಒಮ್ಮೆ ರಜಕ್ಕೆ ನನ್ನ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಊಟಕ್ಕೆ ಕೂತಾಗ ನನ್ನ ಹಿರಿಮಗಳು ತಾತನನ್ನು ಕೇಳಿದಳು.

"ಅಜ್ಜಿ ಯಾಕೆ ದಿನಾ ನಿನ್ನ ತಟ್ಟೆಯಿಂದ ತಿಂತಾಳೆ ತಾತ?"

ಅವ್ವ ತುತ್ತು ನುಂಗಿ ಅಪ್ಪನ ಮುಖ ನೋಡಿದಳು. ಅಪ್ಪ ತಟ್ಟೆಗೆ ಕೈ ಚಾಚಿದ.

"ಉಪ್ಪು ನೋಡ್ತಾಳೆ ಕಣವ್ವ" ಎಂದ.